ಒಂದೇ ಕೆಂಪು

ಅಂಗಡಿ ತೆರೆಯುವವರಿಗೆ ಲೈಸನ್ಸಿಗಿಂತ ದೊಡ್ಡ ತಲೆನೋವು ಫಳ್ನೀರಿನ ಪೈಂಟರ್ ಹಸನಬ್ಬ. ಬೋರ್ಡಿನಲ್ಲಿ ಒಂದೇ ಮಾತನ್ನು ಅವನು ದೊಡ್ಡದಾಗಿ, ಕೆಂಪಾಗಿ ಬರೆಯುತ್ತಾನೆ; ಉಳಿದದ್ದೆಲ್ಲ ಸಣ್ಣದು, ಕಪ್ಪು. "ನನ್ನ ಹೆಸರು, ಅಜ್ಜನ ಹೆಸರು, ಸೀರೆ, ಟೆರಿಲಿನ್, ಎಲ್ಲ ಕೆಂಪಿರಲಿ" ಎಂದು ಜವಳಿ ಅಂಗಡಿಯ ಚೆನ್ನಪ್ಪ ಹಟ ಹಿಡಿದರೆ, "ಎಲ್ಲರೂ ಒಟ್ಟಿಗೆ ಬೊಬ್ಬೆ ಹೊಡೆದ್ರೆ ಯಾರದ್ದು ಕೇಳ್ತದೆ ಮಾರಾಯ್ರೆ? ಮುಖ್ಯ ಎಂತ, ಅದೊಂದು ಹೇಳಿ" ಎನ್ನುತ್ತಾನೆ. ಹೇಳದಿದ್ದರೆ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟು ಚಾ ಕುಡಿಯಲು ಹೋಗುತ್ತಾನೆ, ಅಂಗಡಿಯ ಉದ್ಘಾಟನೆ ನಾಳೆಯೇ ಇದ್ದರೂ. ಬರೆದ ಬೋರ್ಡನ್ನು ರಸ್ತೆಯ ನಡುವೆ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಬಸ್ಸು ಹಾರ್ನ್ ಹೊಡೆದರೂ ಜಪ್ಪಯ್ಯ ಅನ್ನುವುದಿಲ್ಲ. ಮನೆಯಲ್ಲೂ ಮಾತೆಲ್ಲ ಮೆಲ್ಲಗೆ, "ಚಾ" ಅನ್ನುವುದು ಮಾತ್ರ ಜೋರು ಎಂದು ಹೆಂಡತಿ ಬೀಫಾತಿಮ್ಮ ನಗುತ್ತಾಳೆ. ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿಯುವ ಮೊದಲು ಇವನು ಬೋರ್ಡುಗಳನ್ನೆಲ್ಲ ಅರ್ಧಕ್ಕೆ ಬಿಟ್ಟು, ಯಾರು ಬೈದರೂ ಕೇಳದೆ, ಹೊಳೆ ದಾಟಿ ಬೆಂಗ್ರೆಗೆ ಹೋಗುತ್ತಾನೆ. ಅಲ್ಲಿ ಎಣ್ಣೆ ಬಳಿದು ಬಳಿದು ಕಪ್ಪಾದ ದೋಣಿಗಳಿಗೆ ಒಂದೊಂದು ಬಿಳಿ ಗುರುತು ಹಾಕುತ್ತಾನೆ. ಒಂದಕ್ಕೆ ಅಗಲ ಪಟ್ಟಿ, ಇನ್ನೊಂದಕ್ಕೆ ಚಂದ್ರ. ಒಂದರ ಹಾಗೆ ಇನ್ನೊಂದಿಲ್ಲ. "ಹೆಸರು ಬರೆಯುವುದಿಲ್ವಾ?" ಎಂದು ಈ ಸಲ ಜೊತೆಗೆ ಹೋಗಿದ್ದ ನಾನು ಕೇಳಿದೆ. "ದೂರಕ್ಕೆ ಹೆಸರು ಕಾಣುವುದಿಲ್ಲ" ಎಂದ, ಬ್ರಶ್ಶು ನಿಲ್ಲಿಸದೆ. "ಮೀನಿಗೆ ಹೋದ ನನ್ನ ಬಾಪ ವಾಪಸ್ ಬಾರದ ದಿನ ಎಲ್ಲ ದೋಣಿಯೂ ಒಂದೇ ಕಪ್ಪು. ದಡಕ್ಕೆ ಬಂದ ಒಂದೊಂದಕ್ಕೂ ನನ್ನ ಉಮ್ಮ ಓಡಿದ್ರು."