ನಾಯಿ ನುಂಗಿದ ಕಾಲುಚೀಲ

ತದಡಿಯಲ್ಲಿ ದೋಣಿ ನಿಲ್ಲುವ ಧಕ್ಕೆಯ ಬಲೆಯ ರಾಶಿಯ ಮರೆಯಲ್ಲಿ ಕುಂಯ್‌ಗುಡುತ್ತಿದ್ದ ನಾಯಿಮರಿಯನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದವಳು ನಾನು. ಎರಡು ಹೊತ್ತೂ ಮೀನಿನ ಮುಳ್ಳು ಬಿಡಿಸಿ ಅನ್ನ ಕಲಸಿ ಹಾಕಿದವಳೂ ನಾನೇ. ಆದರೆ ಅದು ಹಚ್ಚಿಕೊಂಡದ್ದು ನನ್ನ ಓರಗಿತ್ತಿಯನ್ನು. ಮೈದುನನನ್ನು ಮದುವೆಯಾಗಿ ಬಂದು ಅವಳಿಗೆ ವರ್ಷವೂ ಆಗಿರಲಿಲ್ಲ. ಕುಮಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಸಂಜೆ ಅವಳು ಬಂದಳೆಂದರೆ ನನ್ನ ಕೈಯ ತುತ್ತನ್ನೂ ಬಿಟ್ಟು ಓಡುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ನಾಯಿಯ ಸಲುವಾಗಿ ಹೊಟ್ಟೆಕಿಚ್ಚು ಎಂದು ಯಾರ ಹತ್ತಿರ ಹೇಳಲಿ?

ಒಂದು ಬೆಳಿಗ್ಗೆ ಅವಳು ಡ್ಯೂಟಿಗೆ ಹೋದ ಮೇಲೆ ಅದು ಜಗಲಿಯಲ್ಲಿ ಅವಳ ಕಾಲುಚೀಲ ಕಚ್ಚಿಕೊಂಡು ಮಲಗಿತ್ತು. ಬಿಡಿಸಿ ಮೇಲಿಡಬೇಕಿತ್ತು. ಅವಳದ್ದಲ್ಲವಾ, ಹರಿದರೆ ಹರಿಯಲಿ ಎಂದು ಒಳಗೆ ಹೋದೆ. ತಿರುಗಿ ಬಂದಾಗ ಕಾಲುಚೀಲ ಇರಲಿಲ್ಲ. ಎಲ್ಲೋ ಬಿಸಾಡಿರಬೇಕು ಅಂದುಕೊಂಡೆ.

ಮರುದಿನ ನಾಯಿಗೆ ವಾಂತಿ ಶುರುವಾಯಿತು. ಬಂಗುಡೆ ಮೀನು ಇಟ್ಟರೆ ಮೂಸಿಯೂ ನೋಡಲಿಲ್ಲ. ನಾನೂ ಓರಗಿತ್ತಿಯೂ ಸೇರಿ ರಿಕ್ಷಾದಲ್ಲಿ ಕುಮಟೆಗೆ ಒಯ್ದೆವು.

"ಎಂತ ನುಂಗಿದೆ?" ಅದರ ಹೊಟ್ಟೆ ಒತ್ತಿ ನೋಡುತ್ತ ದನದ ಡಾಕ್ಟರು ಕೇಳಿದರು.

"ಕಾಲುಚೀಲ ಇರಬೇಕು," ಎಂದೆ.

ಆಪರೇಷನ್ ಮಾಡಿ ತೆಗೆದರು. "ಪ್ರೀತಿಯವರ ವಾಸನೆ ಇರುವ ಬಟ್ಟೆಯನ್ನು ಕೆಲವು ನಾಯಿಗಳು ಹೀಗೇ ಬಾಯಿಗೆ ಹಾಕ್ತವೆ. ಸಿಗದ ಹಾಗೆ ಮೇಲಿಡಿ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಆಗುವವರೆಗೆ ಕಾಯಬೇಡಿ," ಎಂದರು.

ನಾಯಿ ಎಚ್ಚರವಿಲ್ಲದೆ ಮಲಗಿತ್ತು. ಆ ಹೊತ್ತಿನಲ್ಲೂ ನನ್ನನ್ನು ಚುಚ್ಚಿದ್ದು 'ಪ್ರೀತಿಯವರು' ಎಂಬ ಮಾತು.

ಹೊರಗೆ ಬೆಂಚಿನ ಮೇಲೆ ಕುಳಿತು ಓರಗಿತ್ತಿ ಅಳುತ್ತಿದ್ದಳು. "ನನ್ನದೇ ತಪ್ಪು ಅಕ್ಕಾ, ಕೆಳಗೆ ಬಿಟ್ಟು ಹೋದೆ."

ತಡೆಯಲಾಗಲಿಲ್ಲ. "ಅದರ ಬಾಯಲ್ಲಿ ಇದ್ದದ್ದು ನಾನು ನೋಡಿದ್ದೆ. ಬೇಕಂತಲೇ ಸುಮ್ಮನಿದ್ದೆ," ಎಂದುಬಿಟ್ಟೆ.

ಅವಳು ಕಣ್ಣೊರೆಸಿಕೊಂಡು, "ಆತು, ಬದುಕಿತಲ್ಲ," ಎಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಅಂದೇ ಮುಚ್ಚಳವಿರುವ ಬುಟ್ಟಿ ಕೊಂಡು ತಂದು ಮನೆಯವರ ಬಟ್ಟೆಯನ್ನೆಲ್ಲ ಅದರಲ್ಲಿ ಹಾಕತೊಡಗಿದೆ. ನಾಯಿಗೆ ಹತ್ತು ದಿನ ಗಂಜಿ ಕುಡಿಸಿದೆ, ಗಾಯ ನೆಕ್ಕದಂತೆ ಪಕ್ಕದಲ್ಲೇ ಕುಳಿತೆ. ಓರಗಿತ್ತಿಯನ್ನು ಕಂಡರೆ ಅದು ಏಳಲು ಒದ್ದಾಡುತ್ತಿತ್ತು. "ಹೊಲಿಗೆ ಬಿಟ್ಟು ಹೋಗ್ತದೆ, ಏಳಬೇಡ," ಎಂದು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದೆ.

ಡಾಕ್ಟರು ಹೊಲಿಗೆ ತೆಗೆದ ಮೇಲೂ ಎರಡು ದಿನ ಹಾಗೇ ಹಿಡಿದೆ. ಮೂರನೆಯ ದಿನ ಅವಳೇ, "ಇನ್ನು ಬಿಡಿ ಅಕ್ಕಾ," ಎಂದಳು. ಬಿಟ್ಟೆ.