ಎಡಮಗ್ಗುಲು ಲುದ್ವಿಕನದು, ಬಲಮಗ್ಗುಲು ಎಮಿಲನದು

ಲುದ್ವಿಕ್ ದ್ರೋಜ್ದ ಡೆಟ್ರಾಯಿಟ್‌ನ ಕಾರು ಕಂಪನಿಯೊಂದರಲ್ಲಿ ಜೇಡಿ ಮೆತ್ತುವವನು. ನಾನು ಅಲ್ಲೇ ಬಡಗಿ. ಕಾರು ತಗಡಾಗುವ ಮೊದಲು, ರೂಪ ನೋಡಲೆಂದು, ಮಣ್ಣಾಗಿರುತ್ತದೆ. ನನ್ನ ಮರದ ಚೌಕಟ್ಟಿನ ಮೇಲೆ ಅವನು ಬಿಸಿ ಜೇಡಿ ಬಳಿದು ಕೆರೆಯುತ್ತಿದ್ದ. ಜೇಡಿಗೆ ಗಂಧಕ ಬೆರೆಸಿರುತ್ತಾರೆ. ಯೂನಿಯನ್ ಸಭೆಯಲ್ಲಿ ಅವನ ಪಕ್ಕ ಕೂತರೆ ಕೊಳೆತ ಮೊಟ್ಟೆಯ ಪಕ್ಕ ಕೂತ ಹಾಗೆ.

"ಇಷ್ಟು ವರ್ಷ ಕೆಸರಾಟ ಆಡಿದೀಯ. ನೀನು ಮಾಡಿದ್ದು ಒಂದಾದ್ರೂ ರೋಡಿಗೆ ಬಂತಾ?" ಎಂದು ಹೆಂಡತಿ ಸ್ಟೆಫಾ ಹಂಗಿಸುತ್ತಿದ್ದಳು. ಬಂದಿರಲಿಲ್ಲ. ಅದೇ ಅವನಿಗೆ ಚುಚ್ಚುತ್ತಿದ್ದದ್ದು.

ನಮ್ಮಲ್ಲಿ ಒಂದೇ ಮಣ್ಣಿನ ಕಾರಿನ ಎಡಮಗ್ಗುಲು ಒಬ್ಬನಿಗೆ, ಬಲಮಗ್ಗುಲು ಇನ್ನೊಬ್ಬನಿಗೆ. ಎರಡೂ ಬೇರೆ ಬೇರೆ ರೂಪ. ದೊಡ್ಡವರು ಬಂದು ಒಂದನ್ನು ಆರಿಸುತ್ತಾರೆ, ಇನ್ನೊಂದನ್ನು ಕೆರೆದು ಬಿಸಾಡುತ್ತಾರೆ. ಈ ಸಲ ಬಲಮಗ್ಗುಲು ಎಮಿಲ್ ಹಾರ್ಟ್‌ವಿಗ್‌ನದು.

ದೊಡ್ಡ ಸಾಹೇಬ ಹೊಟ್ಟೆಯ ಆಸಾಮಿ. ಕೂತರೆ ಏಳುವವನಲ್ಲ. ಹಾಗಾಗಿ ಕುರ್ಚಿ ಎತ್ತ ಇರುತ್ತದೋ ಅತ್ತ ಗೆಲುವು. ಲುದ್ವಿಕ್ ಅದನ್ನು ಎಡಕ್ಕೆಳೆದ, ಎಮಿಲ್ ಬಲಕ್ಕೆ.

"ಬಿಡೋ ಕತ್ತೆ!"

"ನೀನು ಬಿಡು, ಮಣ್ಣುಮುಕ್ಕ!"

ಕಾರಿನ ಮೂತಿಯ ಮುಂದೆ ಎಳೆದಾಡುತ್ತಿರುವಾಗಲೇ ಸಾಹೇಬ ಬಂದ. ತನಗಾಗಿಯೇ ಹಿಡಿದಿದ್ದಾರೆಂದುಕೊಂಡು ಅಲ್ಲೇ ಕುಕ್ಕರಿಸಿದ. ಕಾರಿನ ಅಡಿಯ ತಿರುಗುಹಲಗೆಯನ್ನೇ ನಮ್ಮ ಕೈಲಿ ಒಂದು ಸುತ್ತು ತಿರುಗಿಸಿದ. "ಮೂತಿ ಎಡದ್ದು, ಬಾಲ ಬಲದ್ದು. ಎರಡನ್ನೂ ಸೇರಿಸಿ."

ಹೊಸ ಕಾರಿನ ಗುಟ್ಟು ಹೊರಗೆ ಬಿಟ್ಟರೆ ಕೆಲಸ ಹೋಗುತ್ತದೆ. ಲುದ್ವಿಕ್ ಮನೆಯಲ್ಲಿ ಹೇಳಿದ್ದು ಇಷ್ಟೇ: "ಈ ಸಲದ್ದರಲ್ಲಿ ನಂದೂ ಇದೆ."

ಮರುವರ್ಷ ಸೆಪ್ಟೆಂಬರಿನಲ್ಲಿ ಹೊಸ ಕಾರು ಕಾಣದಂತೆ ಕಾರಿನಂಗಡಿಯ ಗಾಜಿಗೆ ಅಂಟಿಸಿದ್ದ ಕಾಗದ ಕಿತ್ತರು. ಚರ್ಚಿಗೆ ಹೋಗುವ ಬಟ್ಟೆ ತೊಟ್ಟು ಬೀದಿಗೆ ಬೀದಿಯೇ ಸಾಲು ನಿಂತಿತು. ಲುದ್ವಿಕ್ ಹೆಂಡತಿಯನ್ನು ನೇರ ಮೂತಿಯ ಮುಂದೆ ನಿಲ್ಲಿಸಿದ. ಅವಳು ಅತ್ತ ಕಣ್ಣೂ ಹಾಯಿಸದೆ ಹಿಂದಕ್ಕೆ ನಡೆದಳು.

"ಅಯ್ಯಯ್ಯೋ, ಈ ಬಾಲದ ರೆಕ್ಕೆ ನೋಡು! ನಿಂತಲ್ಲೇ ಹಾರೋ ಹಾಗಿದೆ!" ಅವಳ ಕಣ್ಣು ತುಂಬಿತ್ತು. "ಇದೇ ತಾನೇ ನಿಂದು?"

ಅತ್ತ ಮೂತಿಯ ಬಳಿ ಎಮಿಲನ ಹೆಂಡತಿ ಲೋಟಿ ದೀಪದ ಮೇಲಿನ ಹುಬ್ಬನ್ನು ಸವರುತ್ತಿದ್ದಳು. "ಸುಳ್ಳು ಹೇಳ್ಬೇಡ ಎಮಿಲ್, ಇದು ನಿನ್ನ ಕೈದೇ. ನಂಗೊತ್ತು."

ಕಾರಿನ ಮಾಡಿನ ಮೇಲಿಂದ ಗಂಡಂದಿರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇನ್ನು ಜಗಳ ಹತ್ತಿತು ಎಂದುಕೊಂಡೆ.

"ಹೂಂ, ನಂದೇ," ಎಂದ ಎಮಿಲ್.

"ಮತ್ತಿನ್ಯಾರದು?" ಎಂದ ಲುದ್ವಿಕ್.

ಇಬ್ಬರೂ ನನ್ನತ್ತ ತಿರುಗಿದರು. ನಾನು ಅಂಗಡಿಯವನು ಪುಕ್ಕಟೆ ಹಂಚುತ್ತಿದ್ದ ಡೋನಟ್ಟನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ.