ಸಮುದ್ರದೇವನ ಮಗಳನ್ನು ಬರೆದ ಮೇಷ್ಟ್ರು

ಮೇಷ್ಟ್ರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಆ ಬೋಳು ಬೆರಳನ್ನೇ ಒತ್ತಿಟ್ಟು ಬರೆಯುತ್ತಿದ್ದರು. ಊರಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ, ದೇಶದ ರಾಜಧಾನಿಗೆ ಬಂದು ಲೋಧಿ ಕಾಲೋನಿಯ ಮಗಳ ಕ್ವಾರ್ಟರ್ಸಿನಲ್ಲಿದ್ದರು. ಮುನಿರ್ಕಾದಲ್ಲಿ ರೂಮು ಮಾಡಿಕೊಂಡು ಪಿಎಚ್‌ಡಿ ಎಳೆಯುತ್ತಿದ್ದ ನಾನು ಭಾನುವಾರ ಬೆಳಿಗ್ಗೆ ಹೋಗಿ ಅವರ ಕಾದಂಬರಿ ಟೈಪ್ ಮಾಡಿಕೊಡುತ್ತಿದ್ದೆ. ತಿಂಡಿಯ ಆಸೆಯೂ ಇತ್ತು.

ಮೊಮ್ಮಗಳು ಓದುವ ಗ್ರೀಕ್ ದೇವರ ಕಥೆಗಳಿಂದ ಅವರಿಗೆ ಈ ಹುಚ್ಚು ಹಿಡಿದಿತ್ತು. "ದೇವರಾದ್ರೇನಮ್ಮ, ಹೆತ್ತ ಮೇಲೆ ನೋಡ್ಕೋಬೇಡ್ವಾ?" ಎಂದು ನನ್ನನ್ನು ಕೇಳುತ್ತಿದ್ದರು. ಅವರ ಕಾದಂಬರಿಯ ದ್ವೀಪದಲ್ಲಿ ದೇವರುಗಳು ಯುದ್ಧದಲ್ಲಿ ಸತ್ತಿದ್ದರು. ಅವರ ಮಕ್ಕಳು ಆಲಿವ್ ಮರದಡಿ ವಡೆ, ಪಾಯಸ ಬಡಿಸಿ ಅಪ್ಪಂದಿರ ತಿಥಿ ಮಾಡುತ್ತಿದ್ದರು.

"ಗ್ರೀಕರು ವಡೆ ಮಾಡ್ತಾರಾ ಮೇಷ್ಟ್ರೇ?"

"ತಿಥಿ ಅಂದ್ಮೇಲೆ ವಡೆ ಬೇಡ್ವಾ?"

ಸಮುದ್ರದೇವ ಮಾತ್ರ ಯುದ್ಧಕ್ಕೆ ಮೊದಲೇ ಎಲ್ಲೋ ಹೊರಟುಹೋಗಿದ್ದ. ಹನ್ನೆರಡು ವರ್ಷ ಕಾದ ಮಗಳು ಕೊನೆಗೆ ದರ್ಭೆಯ ಬೊಂಬೆ ಮಾಡಿ, ಅದನ್ನೇ ಅಪ್ಪನೆಂದು ಸುಟ್ಟು ಕರ್ಮ ಮುಗಿಸುತ್ತಾಳೆ. ಕಾಣೆಯಾದವರಿಗೆ ನಮ್ಮಲ್ಲಿ ಮಾಡುವುದೂ ಹಾಗೆಯೇ.

ನನ್ನ ಅಪ್ಪ ಮನೆ ಬಿಟ್ಟು ಆ ವರ್ಷಕ್ಕೆ ಹನ್ನೆರಡಾಗಿತ್ತು. ದೊಡ್ಡಪ್ಪ ವಾರಕ್ಕೊಮ್ಮೆ ಫೋನ್ ಮಾಡಿ, "ನೀನೊಂದು ಹೂಂ ಅಂದ್ರೆ ಕರ್ಮ ಮುಗಿಸಿಬಿಡ್ತೀವಿ, ನಿಮ್ಮಮ್ಮ ತೀರ್ಮಾನ ನಿನ್ ಮೇಲೆ ಹಾಕಿದ್ದಾಳೆ" ಎನ್ನುತ್ತಿದ್ದರು. ಮೇಷ್ಟ್ರಿಗೆ ಇದನ್ನು ನಾನು ಹೇಳಿರಲಿಲ್ಲ. ಆದರೆ ಆ ಅಧ್ಯಾಯ ಟೈಪ್ ಮಾಡುವಾಗ ಕೈ ಕೇಳಲಿಲ್ಲ. ಮಗಳು ಬೊಂಬೆಯನ್ನು ಬಿಚ್ಚಿ, ದರ್ಭೆಯನ್ನು ಮೇಕೆಗೆ ಹಾಕಿದಳು ಎಂದು ಬರೆದುಬಿಟ್ಟೆ.

ಮರುವಾರ ಮೇಷ್ಟ್ರು ಪ್ರಿಂಟ್ ಓದುತ್ತಾ ಅಲ್ಲೇ ನಿಂತರು. "ಈ ಮೇಕೆ ನಂದಲ್ಲವಲ್ಲಮ್ಮ."

ಎಲ್ಲವನ್ನೂ ಹೇಳಲೇಬೇಕಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ.

"ನಿಮ್ಮಪ್ಪ ಇದ್ದಾರೆ ಅನ್ಸುತ್ತಾ?"

"ಗೊತ್ತಿಲ್ಲ ಮೇಷ್ಟ್ರೇ."

"ಹಾಗಿದ್ರೆ ಗೊತ್ತಿಲ್ಲ ಅಂತ್ಲೇ ಹೇಳು. ಹೂಂ ಅನ್ನೋಕೆ ನಿಂಗೇನು ಅವಸರ?"

ಆ ಸಂಜೆ ದೊಡ್ಡಪ್ಪನಿಗೆ ಹಾಗೆಯೇ ಹೇಳಿದೆ. ಅವರು ಸಿಟ್ಟಿನಿಂದ ಫೋನ್ ಇಟ್ಟರು. ಎಷ್ಟೋ ತಿಂಗಳ ಮೇಲೆ ನನ್ನ ಎದೆ ಹಗುರಾಯಿತು.

ಮೇಷ್ಟ್ರು ಮೇಕೆಯನ್ನು ಅಳಿಸಲಿಲ್ಲ. ಮಗಳು ಕರ್ಮ ಮಾಡದಿದ್ದ ಮೇಲೆ ಆಗಲೇ ಬರೆದಿಟ್ಟಿದ್ದ ಮುಂದಿನ ಐದು ಅಧ್ಯಾಯಗಳು ನಿಲ್ಲುವಂತಿರಲಿಲ್ಲ. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಅವನ್ನೆಲ್ಲ ಹರಿದು ಮತ್ತೆ ಬರೆಯಲು ಕೂತರು. ಎರಡು ಮುಗಿದವು. ಆ ಚಳಿಗಾಲದ ಹೊಗೆಗೆ ಉಸಿರಾಟದ ತೊಂದರೆ ಹೆಚ್ಚಿ ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ.

ಅವರು ಬರೆದದ್ದನ್ನು ಇದ್ದ ಹಾಗೆ ಟೈಪ್ ಮಾಡಿದ್ದರೆ ಪುಸ್ತಕ ಆ ವರ್ಷವೇ ಮುಗಿಯುತ್ತಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ. ಮೇಷ್ಟ್ರಿಗೂ ಅದು ಗೊತ್ತಿತ್ತು. ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.